ಮಿಸ್ತ್ರಿ ಬಂದ ಕೂಡಲೇ ಚಾಲೂ ಆಗುವ ಗಾಡಿ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಕಾಗವಾಡ ತಾಲೂಕಿನ ಉಗಾರದಿಂದ ಚಿಕ್ಕೋಡಿ, ನಿಪ್ಪಾಣಿವರೆಗೆ ಸಕ್ಕರೆ ಕಾರ್ಖಾನೆಗಳ ಮುಂದೆ ಟ್ರ್ಯಾಕ್ಟರ್‌ಗಳು ಸಾಲು ಹಚ್ಚುತ್ತವೆ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಗಾಡಿ ಹತ್ತು ಮಾರು ಮುಂದೆ ಸರಿಯಬೇಕು, ಎಂಜಿನ್ ಬಂದ್ ಮಾಡಬೇಕು, ಸ್ವಲ್ಪ ಹೊತ್ತಿಗೆ ಮತ್ತೆ ಸೆಲ್ಫ್ ಹೊಡೆಯಬೇಕು. ವಯಸ್ಸಾದ ಟ್ರ್ಯಾಕ್ಟರಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಬೇರೆ ಇಲ್ಲ.

‘ಮುಂಜಾನಿ ಚಲೋ ಚಾಲೂ ಆಗಿತ್ರಿ, ಈಗ ನೋಡ್ರಿ, ಬರೇ ಟಕ್ ಅಂತೈತಿ’ ಎಂಬ ತಕರಾರು ಈ ಭಾಗದ ಯಾವ ಗ್ಯಾರೇಜಿಗೂ ಹೊಸದಲ್ಲ. ಮಿಸ್ತ್ರಿಯನ್ನು ಕರೆತಂದು ಕೀಲಿ ತಿರುವಿಸಿದರೆ ಅದೇ ಗಾಡಿ ಒಂದೇ ಏಟಿಗೆ ಚಾಲೂ! ಕೆಟ್ಟಿದ್ದು ಕೆಟ್ಟೇ ಇದ್ದರೆ ಹುಡುಕುವುದು ಸುಲಭ. ಒಮ್ಮೆ ಇದ್ದು ಒಮ್ಮೆ ಇಲ್ಲದ ದೋಷದಲ್ಲಿ ಮಾಲೀಕರು ಊಹೆಯ ಮೇಲೆ ಮೊದಲು ಬ್ಯಾಟರಿ, ಆಮೇಲೆ ಸೆಲ್ಫ್, ಕೊನೆಗೆ ಕೀಲಿ ಸ್ವಿಚ್ ಬದಲಾಯಿಸುತ್ತಾರೆ. ಸಾವಿರಾರು ರೂಪಾಯಿ ಹೋದ ಮೇಲೂ ದೋಷ ಅಲ್ಲೇ ಇರುತ್ತದೆ.

ಇಂಥ ದೋಷ ಮನಬಂದಂತೆ ಬರುವುದಿಲ್ಲ. ಅದಕ್ಕೊಂದು ಹೊತ್ತು ಇರುತ್ತದೆ: ಎಂಜಿನ್ ಕಾದಾಗ, ಡಿಸೆಂಬರ್ ಚಳಿಯ ಮುಂಜಾವಿನಲ್ಲಿ, ಮಳೆ ಬಿದ್ದ ಮರುದಿನ, ಇಲ್ಲವೇ ಸ್ವಲ್ಪ ಸ್ವಲ್ಪವೇ ಓಡಿಸಿ ನಿಲ್ಲಿಸಿದ ದಿನ. ಯಾವಾಗ ಕೈಕೊಟ್ಟಿತು, ಆಗ ಏನು ಸದ್ದು ಬಂತು ಎಂದು ಮಾಲೀಕ ನೆನಪಿಟ್ಟು ಹೇಳಿದರೆ ಮಿಸ್ತ್ರಿಯ ಅರ್ಧ ಕೆಲಸ ಮುಗಿದಂತೆ.

ಸದ್ದೇ ಮೊದಲ ಸುಳಿವು. ‘ಟಕಟಕಟಕ’ ಎಂದು ಬಡಿದುಕೊಂಡರೆ ಸೆಲ್ಫಿಗೆ ಬೇಕಾದಷ್ಟು ವೋಲ್ಟೇಜ್ ತಲುಪುತ್ತಿಲ್ಲ. ಒಂದೇ ಒಂದು ‘ಟಕ್’ ಎಂದು ಸುಮ್ಮನಾದರೆ ಸೆಲ್ಫಿಗೆ ಕರೆಂಟ್ ಬಿಡುವ ಸೊಲೆನಾಯ್ಡ್ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿರಬಹುದು, ಸೆಲ್ಫಿನ ಕಾರ್ಬನ್ ಬ್ರಷ್ ಸವೆದಿರಬಹುದು. ಪಾನಾದಿಂದ ಸೆಲ್ಫಿಗೆ ಮೆಲ್ಲಗೆ ಬಡಿದರೆ ಚಾಲೂ ಆಗುವ ಗಾಡಿಗಳಲ್ಲಿ ಅಂಟಿಕೊಂಡ ಬ್ರಷ್ ಅಲುಗಾಡಿ ಮತ್ತೆ ತಾಗುತ್ತದೆ, ಅಷ್ಟೇ. ಆ ಉಪಾಯ ಮನೆ ಮುಟ್ಟಿಸುತ್ತದೆ, ರಿಪೇರಿ ಅನ್ನಿಸಿಕೊಳ್ಳುವುದಿಲ್ಲ. ಯಾವ ಸದ್ದೂ ಇಲ್ಲದಿದ್ದರೆ ಕೀಲಿ ಸ್ವಿಚ್, ರಿಲೇ, ಅಥವಾ ಹಲವು ಟ್ರ್ಯಾಕ್ಟರ್‌ಗಳಲ್ಲಿ ಕ್ಲಚ್ ಇಲ್ಲವೇ ಗೇರ್ ಲಿವರ್‌ಗೆ ಜೋಡಿಸಿರುವ ಸುರಕ್ಷತಾ ಸ್ವಿಚ್ ನೋಡಬೇಕು.

‘ಹೆಡ್‌ಲೈಟ್ ಝಗ್ ಅಂತ ಹತ್ತತೈತಿ, ಅಂದಮ್ಯಾಲೆ ಬ್ಯಾಟರಿ, ವೈರ್ ಎಲ್ಲಾ ಚಲೋ ಅದಾವ್ರಿ’ ಎನ್ನುವವರು ಬಹಳ. ದಾರಿ ತಪ್ಪಿಸುವ ಮಾತು ಇದೇ. ಎರಡು ಹೆಡ್‌ಲೈಟ್‌ಗಳಿಗೆ ಬೇಕಾಗುವುದು ಸುಮಾರು 9 ಆಂಪಿಯರ್. ಸೆಲ್ಫಿಗೆ 200 ಆಂಪಿಯರ್ ಬೇಕು ಎಂದುಕೊಳ್ಳೋಣ. ದೊಡ್ಡ ಡೀಸೆಲ್ ಎಂಜಿನ್‌ಗೆ ಇನ್ನೂ ಹೆಚ್ಚು. ಬ್ಯಾಟರಿ ಟರ್ಮಿನಲ್‌ಗೆ ಬಿಳಿ-ಹಸಿರು ಪುಡಿ ಹತ್ತಿ ಒಂದು ಓಮ್‌ನ ನೂರನೇ ಒಂದು ಭಾಗದಷ್ಟು ತಡೆ ಉಂಟಾಗಿದೆ. ಲೈಟಿನ ಪಾಲಿಗೆ ಅಲ್ಲಿ ಸೋರುವುದು 0.09 ವೋಲ್ಟ್, ಕಣ್ಣಿಗೆ ಗೊತ್ತೂ ಆಗದು. ಸೆಲ್ಫ್ ಹೊಡೆದಾಗ ಅದೇ ಜಾಗದಲ್ಲಿ 2 ವೋಲ್ಟ್ ಮಾಯ!

ಇದನ್ನು ಹಿಡಿಯಲು ಕೆಲವು ನೂರು ರೂಪಾಯಿಯ ಮಲ್ಟಿಮೀಟರ್ ಸಾಕು. ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಹಾಕಿ, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬದ ಸೀಸಕ್ಕೇ ಒತ್ತಬೇಕು, ಕ್ಲಾಂಪಿಗಲ್ಲ. ಇನ್ನೊಂದು ಕಡ್ಡಿ ಎಂಜಿನ್ನಿನ ಬಣ್ಣವಿಲ್ಲದ ಕಬ್ಬಿಣಕ್ಕೆ. ಒಬ್ಬರು ಸೆಲ್ಫ್ ಹೊಡೆಯುವಾಗ ಮೀಟರ್ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥಿಂಗ್ ಪಟ್ಟಿಯಲ್ಲಿ ಅಥವಾ ಕ್ಲಾಂಪಿನಲ್ಲಿ ದೋಷವಿದೆ. ಪ್ಲಸ್ ಕಂಬದಿಂದ ಸೆಲ್ಫಿನ ದಪ್ಪ ಬೋಲ್ಟಿನವರೆಗೂ ಹೀಗೇ ಅಳೆಯಬಹುದು. ಬ್ಯಾಟರಿಗೂ ಒಂದು ಲೆಕ್ಕವಿದೆ: ವಿಶ್ರಾಂತಿಯಲ್ಲಿ 12.6 ವೋಲ್ಟ್ ಇದ್ದರೆ ತುಂಬಿದೆ; ಸೆಲ್ಫ್ ತಿರುಗುವಾಗ ಸುಮಾರು 9.6ಕ್ಕಿಂತ ಕೆಳಗಿಳಿದರೆ ಸೋತಿದೆ. ದೋಷ ಕಾಣಿಸಿಕೊಂಡ ಹೊತ್ತಿನಲ್ಲೇ ಅಳೆಯಬೇಕು ಎಂಬುದನ್ನು ಮಾತ್ರ ಮರೆಯುವಂತಿಲ್ಲ. ಸರಿಯಿದ್ದಾಗ ಅಳೆದ ಅಂಕಿ ಎಲ್ಲ ಸರಿಯಿದೆ ಎಂದೇ ಹೇಳುತ್ತದೆ.

ಕಾರ್ಖಾನೆಯ ಸಾಲಿನಲ್ಲಿ ಎರಡು ಕಾರಣ ಒಟ್ಟಿಗೆ ಸೇರುತ್ತವೆ. 200 ಆಂಪಿಯರ್‌ನಂತೆ 3 ಸೆಕೆಂಡ್ ಸೆಲ್ಫ್ ಹೊಡೆದರೆ ಆ ಖರ್ಚು ತುಂಬಲು, 10 ಆಂಪಿಯರ್‌ನಂತೆ ಚಾರ್ಜ್ ಆದರೂ, ಒಂದು ನಿಮಿಷ ಬೇಕು. ಹತ್ತು ಮಾರು ಸರಿಯಲು ಅಷ್ಟು ಹೊತ್ತು ಹಿಡಿಯುವುದಿಲ್ಲ. ಅದರ ಮೇಲೆ ಎಂಜಿನ್ ಬಂದ್ ಇದ್ದಾಗಲೂ ಹಾಡುವ ಟೇಪು! ಕಬ್ಬಿನ ಟ್ರ್ಯಾಕ್ಟರ್ ಎಂದ ಮೇಲೆ ಊರಿಗೇ ಕೇಳುವಂಥ ಸ್ಪೀಕರ್ ಇರಲೇಬೇಕಲ್ಲ. ಎರಡನೆಯದು ಕಾವು. ತಾಮ್ರದ ಉಷ್ಣತೆ 50 ಡಿಗ್ರಿ ಏರಿದರೆ ಅದರ ತಡೆ ಸುಮಾರು ಶೇ. 20ರಷ್ಟು ಹೆಚ್ಚುತ್ತದೆ. ಬಿಸಿ ಎಂಜಿನ್ನಿಗೆ ಅಂಟಿಕೊಂಡ ಸೊಲೆನಾಯ್ಡ್ ಆಗ ಬಲ ಸಾಲದೆ ಎಳೆಯದು. ಅರ್ಧ ತಾಸು ತಣ್ಣಗಾದರೆ, ಅಂದರೆ ಮಿಸ್ತ್ರಿ ಬರುವ ಹೊತ್ತಿಗೆ, ಎಲ್ಲ ಸರಿ. ಸವೆದ ಕೀಲಿ ಸ್ವಿಚ್, ಸಪೂರ ವೈರು ದಾಟಿ ಬರುವ ಕರೆಂಟನ್ನೇ ಸೊಲೆನಾಯ್ಡ್ ನೆಚ್ಚಿಕೊಂಡಿದ್ದರೆ, ನಡುವೆ ರಿಲೇ ಹಾಕಿ ಬ್ಯಾಟರಿಯಿಂದ ನೇರ ಕರೆಂಟ್ ಕೊಡುವುದು ಒಳ್ಳೆಯ ಮದ್ದು.

ಹಳೆಯ ಪೆಟ್ರೋಲ್ ಕಾರುಗಳ ಕಥೆ ಬೇರೆ. 1983ರಿಂದ 2014ರವರೆಗೆ ತಯಾರಾದ ಮಾರುತಿ 800 ಈಗಲೂ ಇಲ್ಲಿನ ಬೀದಿಗಳಲ್ಲಿ ಕಾಣುತ್ತದೆ. ಸೆಲ್ಫ್ ಗಿರ್ರನೆ ತಿರುಗಿಯೂ ಎಂಜಿನ್ ಹಿಡಿಯದಿದ್ದರೆ ಬ್ಯಾಟರಿಯನ್ನು ದೂರಿ ಫಲವಿಲ್ಲ. ಪ್ಲಗ್ಗಿನಲ್ಲಿ ಕಿಡಿ ಬರುತ್ತಿದೆಯೇ, ಪೆಟ್ರೋಲ್ ಬರುತ್ತಿದೆಯೇ ಎಂದು ನೋಡಬೇಕು. ಕಾದಾಗ ಕೆಟ್ಟು ತಣಿದಾಗ ಸರಿಹೋಗುವ ಇಗ್ನಿಷನ್ ಕಾಯಿಲ್ ಇಲ್ಲಿ ಹಳೇ ಆರೋಪಿ. ಡೀಸೆಲ್ ಗಾಡಿಯಲ್ಲಾದರೆ ಪೈಪಿನ ಸಡಿಲ ಜಾಯಿಂಟಿನಿಂದ ರಾತ್ರಿಯಿಡೀ ಗಾಳಿ ಹಿಡಿದಿರಬಹುದು.

ಹೊಳೆಯ ಲೆಕ್ಕವನ್ನೂ ಇಲ್ಲಿ ಬಿಡುವಂತಿಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ದೂಧಗಂಗಾ, ವೇದಗಂಗಾ ಉಕ್ಕಿ ಈ ಭಾಗದ ಹಳ್ಳಿಗಳಿಗೆ ನುಗ್ಗಿದವು. ನಿಪ್ಪಾಣಿ ಬಳಿಯ ಯಮಗರ್ಣಿಯಲ್ಲಿ ರಾಷ್ಟ್ರೀಯ ಹೆದ್ದಾರಿಯೇ ಬಂದ್ ಆಗಿತ್ತು. ನೀರು ಕುಡಿದ ಗಾಡಿಯ ವೈರಿನಲ್ಲಿ ರಬ್ಬರಿನಡಿ ತಾಮ್ರ ಹಸಿರುಗಟ್ಟುತ್ತಾ ಹೋಗಿ ವರ್ಷಗಳ ಮೇಲೆ ಕಾಡುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು, ನಂಬರ್ ಕೆಎ 23 ಇರಲಿ, ಗಡಿಯಾಚೆಯ ಎಂಎಚ್ 09 ಇರಲಿ, ಸೀಟಿನಡಿಯ ಕನೆಕ್ಟರ್ ಬಿಚ್ಚಿ ನೋಡುವುದು ಒಳ್ಳೆಯದು.

ಒಂದು ಚಾಳಿಯನ್ನಂತೂ ಬಿಡಲೇಬೇಕು. ಸ್ಕ್ರೂಡ್ರೈವರ್ ಅಡ್ಡವಿಟ್ಟು ಸೊಲೆನಾಯ್ಡ್ ಶಾರ್ಟ್ ಮಾಡಿದರೆ ಸುರಕ್ಷತಾ ಸ್ವಿಚ್ ಕೆಲಸಕ್ಕೇ ಬರುವುದಿಲ್ಲ. ಗೇರಿನಲ್ಲಿದ್ದ ಟ್ರ್ಯಾಕ್ಟರ್ ಚಾಲೂ ಆಗಿ, ದೊಡ್ಡ ಗಾಲಿಯ ಮುಂದೆ ನಿಂತವರ ಮೇಲೇ ಹರಿಯುತ್ತದೆ. ರಿಪೇರಿಯಾದ ಮೇಲೆ ಪರೀಕ್ಷೆಯನ್ನೂ ದೋಷ ಬರುತ್ತಿದ್ದ ಸ್ಥಿತಿಯಲ್ಲೇ ಮಾಡಬೇಕು. ಕಾದಾಗ ಕೈಕೊಡುತ್ತಿದ್ದ ಗಾಡಿಯನ್ನು ಅರ್ಧ ತಾಸು ಓಡಿಸಿ, ಹತ್ತು ನಿಮಿಷ ನಿಲ್ಲಿಸಿ, ಆಮೇಲೆ ಕೀಲಿ ತಿರುವಿ ನೋಡಿಯೇ ಮಿಸ್ತ್ರಿಯ ಬಿಲ್ಲು ಚುಕ್ತಾ ಮಾಡಬೇಕು.