ತೀರಿಕೊಂಡವರ ಮಾತಿಗೆ ಸಾಕ್ಷಿ ಕೇಳುವ ಕೋರ್ಟು

ಪ್ರೊಬೇಟ್‌ಗೆಂದೇ, ಅಂದರೆ ವಿಲ್ ನಿಜವೆಂದು ದೃಢೀಕರಿಸಲೆಂದೇ, ಬೇರೆ ನ್ಯಾಯಾಲಯ ನಮ್ಮಲ್ಲಿಲ್ಲ. ಜಿಲ್ಲಾ ನ್ಯಾಯಾಲಯವೇ ಆ ಕೆಲಸ ಮಾಡುತ್ತದೆ, ಬೆಂಗಳೂರಿನಲ್ಲಾದರೆ ಸಿಟಿ ಸಿವಿಲ್ ಕೋರ್ಟು. ಕಾಸ್ ಲಿಸ್ಟಿನಲ್ಲಿ ಓಎಸ್‌ಗಳ, ಅಂದರೆ ಸಾಮಾನ್ಯ ಸಿವಿಲ್ ದಾವೆಗಳ, ನಡುವೆ ‘ಪಿ ಅಂಡ್ ಎಸ್‌ಸಿ’ ಎಂದು ಕಂಡರೆ ಅದು ತೀರಿಕೊಂಡವರೊಬ್ಬರ ವಿಲ್ಲಿನದೋ, ಅವರ ಠೇವಣಿ, ಷೇರುಗಳದೋ ಅರ್ಜಿ. ಇದಕ್ಕೆಲ್ಲ ಆಧಾರ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ.

ಪ್ರೊಬೇಟ್ ಪಡೆಯಲು ವಿಲ್ಲಿನಲ್ಲೇ ನೇಮಕವಾದ ಎಕ್ಸಿಕ್ಯೂಟರ್ ಅರ್ಜಿ ಹಾಕಬೇಕು. ಮೂಲ ವಿಲ್, ಮರಣ ಪ್ರಮಾಣಪತ್ರ, ಆಸ್ತಿಯ ವಿವರ ಮತ್ತು ಬೆಲೆ ಜೊತೆಗಿರಬೇಕು. ಹತ್ತಿರದ ಬಂಧುಗಳಿಗೆ ನೋಟಿಸು ಹೋಗುತ್ತದೆ, ಪತ್ರಿಕೆಯ ಮೂಲೆಯಲ್ಲಿ ಯಾರೂ ಓದದ ಸಣ್ಣಕ್ಷರದ ಪ್ರಕಟಣೆಯೂ ಬರುತ್ತದೆ. ತಕರಾರಿಲ್ಲದಿದ್ದರೆ ಕೆಲಸ ಸಲೀಸು: ವಿಲ್ಲಿನ ಪ್ರತಿಗೆ ನ್ಯಾಯಾಲಯದ ಮೊಹರು ಬಿದ್ದು ಎಕ್ಸಿಕ್ಯೂಟರ್ ಕೈ ಸೇರುತ್ತದೆ, ಮೂಲ ವಿಲ್ ಕೋರ್ಟಿನಲ್ಲೇ ಉಳಿಯುತ್ತದೆ. ಆಮೇಲೆ ಆರು ತಿಂಗಳೊಳಗೆ ಆಸ್ತಿ ಪಟ್ಟಿ, ವರ್ಷದೊಳಗೆ ಲೆಕ್ಕ ಒಪ್ಪಿಸಬೇಕು. ಯಾರಾದರೂ ಕೇವಿಯಟ್ ಹಾಕಿ ವಿರೋಧಿಸಿದರೆ ಮಾತ್ರ ಅರ್ಜಿ ದಾವೆಯ ರೂಪ ತಾಳುತ್ತದೆ. ಅಲ್ಲಿಂದ ಮುಂದೆ ವಾಯಿದೆಯ ಮೇಲೆ ವಾಯಿದೆ.

ಈ ದಾವೆಯಲ್ಲಿ ನಿಜ ಹೇಳಬಲ್ಲ ಒಬ್ಬರೇ ಒಬ್ಬರು ಈಗ ಇಲ್ಲ. ಆದ್ದರಿಂದ ಭಾರವೆಲ್ಲ ವಿಲ್ಲಿನ ಕೊನೆಯಲ್ಲಿ ಸಾಕ್ಷಿಗಳಾಗಿ ರುಜು ಹಾಕಿದ ಇಬ್ಬರ ಮೇಲೆ. ವಿಲ್ಲಿನಲ್ಲಿ ಏನಿದೆಯೆಂದು ಅವರಿಗೆ ಗೊತ್ತಿರಬೇಕಾಗಿಲ್ಲ. ಬರೆಸಿದವರು ರುಜು ಹಾಕಿದ್ದನ್ನು ಕಂಡಿರಬೇಕು, ಇಲ್ಲವೇ ಹಾಕಿದ್ದು ತಮ್ಮದೇ ಎಂದು ಅವರ ಬಾಯಿಂದ ಕೇಳಿರಬೇಕು, ಅವರ ಎದುರಿನಲ್ಲೇ ತಾವೂ ರುಜು ಮಾಡಿರಬೇಕು. ಅಷ್ಟೇ. ಆದರೆ ಹತ್ತು ಹದಿನೈದು ವರ್ಷದ ಮೇಲೆ ಪಾಟೀಸವಾಲಿಗೆ ನಿಂತಾಗ ಆ ‘ಅಷ್ಟೇ’ ಬೆವರಿಳಿಸುತ್ತದೆ. ಮೊದಲು ರುಜು ಹಾಕಿದವರು ಯಾರು? ಅಜ್ಜಿ ಕನ್ನಡಕ ಹಾಕಿದ್ದರೇ? ಓದಿ ಹೇಳಿದವರು ಬಿಕ್ಕಲಂ ಬರೆದವರೋ, ದೊಡ್ಡ ಮಗನೋ? ನೋಂದಣಿ ಆಗಿದೆಯಲ್ಲ ಎಂದರೆ ಸಾಲದು, ನೋಂದಾಯಿತ ವಿಲ್ಲನ್ನೂ ಸಾಬೀತು ಮಾಡಲೇಬೇಕು. ಇಷ್ಟಿದ್ದರೂ ನಮ್ಮವರು ಸಾಕ್ಷಿಗೆ ತಮ್ಮದೇ ವಯಸ್ಸಿನ ವಾಕಿಂಗ್ ಗೆಳೆಯರನ್ನು ಕರೆಯುತ್ತಾರೆ. ವಿಲ್ ತೆರೆಯುವ ಹೊತ್ತಿಗೆ ಅವರೂ ಇರುವುದಿಲ್ಲ, ಅವರ ಅಕ್ಷರ ಗುರುತಿಸುವವರನ್ನು ಹುಡುಕಬೇಕಾಗುತ್ತದೆ.

ಇಂಥ ವ್ಯಾಜ್ಯಗಳಲ್ಲಿ ದೇಶದ ಯಾವ ಕೋರ್ಟಿಗೆ ಹೋದರೂ ಉಲ್ಲೇಖವಾಗುವ ತೀರ್ಪು ಹುಟ್ಟಿದ್ದು ಮೈಸೂರು ಸೀಮೆಯ ದಾವೆಯಿಂದ: ಎಚ್. ವೆಂಕಟಾಚಲ ಅಯ್ಯಂಗಾರ್ ಪ್ರಕರಣ. 1958ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಪರವಾಗಿ ನ್ಯಾಯಮೂರ್ತಿ ಗಜೇಂದ್ರಗಡ್ಕರ್ ತೀರ್ಪು ಬರೆದರು. ವಿಲ್ಲಿನಿಂದ ಲಾಭ ಪಡೆಯುವವರೇ ಮುಂದೆ ನಿಂತು ಅದನ್ನು ಬರೆಸಿದ್ದರೆ, ರುಜು ನಡುಗಿದ್ದರೆ, ಬರೆಸಿದವರ ಬುದ್ಧಿ ಸ್ವಸ್ಥವಿತ್ತೇ ಎಂಬ ಅನುಮಾನವಿದ್ದರೆ, ಆ ಸಂಶಯವನ್ನೆಲ್ಲ ನಿವಾರಿಸುವ ಹೊಣೆ ವಿಲ್ ತಂದವರದೇ. ನ್ಯಾಯಾಲಯದ ಅಂತಃಸಾಕ್ಷಿಗೆ ಸಮಾಧಾನ ಆಗಬೇಕು.

ಪ್ರೊಬೇಟ್ ಕೋರ್ಟು ಕೇಳದ ಪ್ರಶ್ನೆಗಳೂ ಇವೆ. ಹಂಚಿಕೆ ನ್ಯಾಯವೇ ಎಂದು ಅದು ನೋಡುವುದಿಲ್ಲ. ಆಸ್ತಿ ನಿಜಕ್ಕೂ ಬರೆದವರದೇ ಎಂದೂ ತೀರ್ಮಾನಿಸುವುದಿಲ್ಲ, ಅದಕ್ಕೆ ಬೇರೆಯೇ ದಾವೆ. ಮೊಹರು ಬಿದ್ದ ಪ್ರತಿ ಹಿಡಿದು ಮನೆ ತಮ್ಮದಾಯಿತು ಎಂದುಕೊಂಡವರಿಗೆ ಇದನ್ನು ಬಿಡಿಸಿ ಹೇಳುವುದರಲ್ಲಿ ವಕೀಲರಿಗೆ ಸಾಕುಸಾಕಾಗುತ್ತದೆ.

ಹಳೇ ಮೈಸೂರಿನಲ್ಲಾಗಲಿ ಧಾರವಾಡದಲ್ಲಾಗಲಿ ಊರಿನ ಆಸ್ತಿಗೆ ವಿಲ್ ಬರೆದ ಹಿಂದೂಗಳಿಗೆ ಪ್ರೊಬೇಟ್ ಕಡ್ಡಾಯವಾಗಿರಲಿಲ್ಲ. ಮುಂಬೈಯ ಮಾಟುಂಗಾದಲ್ಲಿ ಫ್ಲ್ಯಾಟು ಬಿಟ್ಟುಹೋದ ಕನ್ನಡಿಗರ ಮಕ್ಕಳಿಗೆ ಮಾತ್ರ ದಶಕಗಳ ಕಾಲ ಅದು ತಪ್ಪಿದ್ದಲ್ಲ.

ಅಜ್ಜಿ ಮೊಮ್ಮಗನ ಹೆಸರಿಗೆ ಸೈಟು ಬರೆದಿಟ್ಟರೆ ಇನ್ನೊಂದು ಕಾನೂನು ಬಂದು ಸೇರುತ್ತದೆ. ಹುಡುಗ ಅಪ್ರಾಪ್ತನಾದರೆ, ಹೆತ್ತ ತಂದೆ ತಾಯಿಯೇ ಆದರೂ 1956ರ ಹಿಂದೂ ಅಪ್ರಾಪ್ತವಯಸ್ಕರ ಕಾಯಿದೆಯ ಪ್ರಕಾರ ಕೋರ್ಟಿನ ಅನುಮತಿಯಿಲ್ಲದೆ ಆ ಸೈಟು ಮಾರುವಂತಿಲ್ಲ. ಮಾರುವುದು ಹುಡುಗನಿಗೆ ಅಗತ್ಯವೋ, ಅವನಿಗೆ ಲಾಭವೋ ಎಂಬುದನ್ನು ನ್ಯಾಯಾಧೀಶರು ನೋಡುತ್ತಾರೆ. ಅನುಮತಿ ಕೇಳದೆ ಮಾರಿದರೆ, ಹದಿನೆಂಟು ತುಂಬಿದ ಮೂರು ವರ್ಷದೊಳಗೆ ಆ ಹುಡುಗ ಕ್ರಯ ರದ್ದುಮಾಡಿ ಎಂದು ದಾವೆ ಹೂಡಬಹುದು, ಕೊಂಡವರು ಅಷ್ಟರಲ್ಲಿ ಅಲ್ಲಿ ಎರಡಂತಸ್ತು ಕಟ್ಟಿಸಿದ್ದರೂ.