ದುಭಾಷಿಗೆ ಬಿಡುವು ಕೊಡುವುದು ಯಾವಾಗ?

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ಕಾಲದ ಮಾತು. ನಮ್ಮ ಶಾಖೆಗೆ ಬಂದ ಮ್ಯಾನೇಜರಿಗೆ ತೆಲುಗು ಮಾತ್ರ ಬರುತ್ತಿತ್ತು. ಗಡಿಯ ಹಳ್ಳಿಯಿಂದ ಪಿಂಚಣಿಗೆ ಬರುತ್ತಿದ್ದ ಒಬ್ಬ ಅಜ್ಜಿಗೆ ಕನ್ನಡ ಬಿಟ್ಟರೆ ಬೇರೆ ಬಾರದು. ನಡುವೆ ನಾನು ದುಭಾಷಿ. ಎರಡು ವರ್ಷದಲ್ಲಿ ಮ್ಯಾನೇಜರು ಚೆನ್ನಾಗಿಯೇ ಕನ್ನಡ ಕಲಿತರು. ಆದರೂ ಅಭ್ಯಾಸಬಲದಿಂದ ನಾನು ಪ್ರತಿ ಮಾತನ್ನೂ ಅತ್ತ ಇತ್ತ ಹೇಳುತ್ತಲೇ ಇದ್ದೆ. ಒಂದು ದಿನ ಅಜ್ಜಿ, “ಸಾಯೇಬ್ರಿಗೆ ಕನ್ನಡ ಬತ್ತೈತಲ್ಲ ಸ್ವಾಮಿ, ನಡುವೆ ನೀವ್ಯಾಕೆ?” ಎಂದು ಕೇಳಿಯೇಬಿಟ್ಟಳು.

ಈ ಮಾತು ಮೊನ್ನೆ ನೆನಪಾದದ್ದು ಒಂದು ಕಂಪ್ಯೂಟರಿನ ದೆಸೆಯಿಂದ. ನನ್ನ ತಮ್ಮನ ಮಗ ಕಲ್ಯಾಣದುರ್ಗದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದಾನೆ. ಅವನ ಮ್ಯಾಕ್ ಕಂಪ್ಯೂಟರಿನಲ್ಲಿ ಫೋಟೋಶಾಪ್ ನಿಧಾನವಾಗಿ, ಮದುವೆ ಆಲ್ಬಂಗಳು ಹೇಳಿದ ದಿನಕ್ಕೆ ಮುಗಿಯದಾದವು. “ದೊಡ್ಡಪ್ಪಾ, ಇನ್ನೂ ದೊಡ್ಡ ಮೆಷಿನ್ ತಗೋಬೇಕು, ಸಾಲಕ್ಕೆ ಜಾಮೀನು ಹಾಕು” ಎಂದು ಬಂದ. ಕಾರಣ ಕೇಳದೆ ಜಾಮೀನು ಹಾಕುವ ಅಭ್ಯಾಸ ನನಗಿಲ್ಲ. ನನ್ನದು ಮೆಟ್ರಿಕ್ ಓದು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳಿಗೆ ಫೋನು ಮಾಡಿದೆವು. ಅವಳು ಬಿಡಿಸಿ ಹೇಳಿದ್ದನ್ನು ನಿಮ್ಮ ಮುಂದಿಡುತ್ತೇನೆ.

ಕಂಪ್ಯೂಟರಿನ ಮಿದುಳಾದ ಚಿಪ್ಪಿಗೆ ಅದರದೇ ಒಂದು ಭಾಷೆಯುಂಟು. 2006ರಿಂದ ಮ್ಯಾಕ್‌ಗಳಲ್ಲಿ ಇಂಟೆಲ್ ಚಿಪ್ ಇತ್ತು. 2020ರ ನವೆಂಬರಿನಲ್ಲಿ ಆಪಲ್ ಕಂಪನಿ ತನ್ನದೇ ಎಂ1 ಚಿಪ್ಪಿನ ಮ್ಯಾಕ್‌ಗಳನ್ನು ತಂದಿತು. ಇಂಟೆಲ್ ಭಾಷೆಯಲ್ಲಿ ಬರೆದ ಹಳೆಯ ತಂತ್ರಾಂಶ ಹೊಸ ಚಿಪ್ಪಿಗೆ ಅರ್ಥವಾಗದು. ಅದಕ್ಕೆಂದು ಇಟ್ಟ ದುಭಾಷಿಯೇ ರೊಸೆಟ್ಟಾ. ಹೆಸರು ಈಜಿಪ್ಟಿನ ಕಲ್ಲಿನದು. 1799ರಲ್ಲಿ ಸಿಕ್ಕಿದ ಆ ಶಾಸನದಲ್ಲಿ ಒಂದೇ ಆಜ್ಞೆ ಮೂರು ಲಿಪಿಗಳಲ್ಲಿದೆ. ಅದರ ನೆರವಿನಿಂದಲೇ 1822ರಲ್ಲಿ ಶಾಂಪೋಲಿಯನ್ ಎಂಬ ಫ್ರೆಂಚ್ ಪಂಡಿತ ಈಜಿಪ್ಟಿನ ಚಿತ್ರಲಿಪಿಯ ಗುಟ್ಟು ಬಿಡಿಸಿದ.

2021ರ ಮಾರ್ಚಿನಲ್ಲಿ ಫೋಟೋಶಾಪ್ ಹೊಸ ಚಿಪ್ಪಿನ ಭಾಷೆಯನ್ನು ತಾನೇ ಕಲಿತು ಬಂತು. ಅಲ್ಲಿಂದ ಮುಂದೆ ಅದಕ್ಕೆ ದುಭಾಷಿ ಬೇಕಿಲ್ಲ. ಆದರೆ ನಮ್ಮ ಹುಡುಗ ಹಿಂದೊಮ್ಮೆ, ಚರ್ಮದ ಕಲೆ ತಿದ್ದುವ ಒಂದು ಹಳೆಯ ಪ್ಲಗಿನ್‌ಗಾಗಿ ರೊಸೆಟ್ಟಾಕ್ಕೆ ಗುರುತು ಹಾಕಿದ್ದ. ತೆಗೆಯುವುದನ್ನು ಮರೆತಿದ್ದ. ಕನ್ನಡ ಬಲ್ಲ ಸಾಹೇಬರ ಮುಂದೆ ನಾನು ಕೂತಿದ್ದೆನಲ್ಲ, ಹಾಗೆಯೇ.

ಗುರುತು ತೆಗೆಯುವ ಬಗೆ ಹೀಗೆ. ಮೊದಲು ಮೂಲೆಯ ಸೇಬಿನ ಚಿಹ್ನೆ ಒತ್ತಿ ‘ಅಬೌಟ್ ದಿಸ್ ಮ್ಯಾಕ್’ ನೋಡಿ. ಚಿಪ್ ಎಂಬಲ್ಲಿ ಆಪಲ್ ಎಂದಿದ್ದರೆ ಮಾತ್ರ ಈ ಮಾತು ನಿಮಗೆ ಅನ್ವಯ. ಕೆಲಸ ಉಳಿಸಿ, ಫೋಟೋಶಾಪನ್ನು ಪೂರ್ತಿ ಮುಚ್ಚಿ. ಅಪ್ಲಿಕೇಶನ್ಸ್ ಫೋಲ್ಡರಿನಲ್ಲಿ ಅದರ ಚಿತ್ರದ ಮೇಲೆ ಒಂದೇ ಸಲ ಒತ್ತಿ, ಕಮಾಂಡ್ ಮತ್ತು ಐ ಕೀಲಿಗಳನ್ನು ಒಟ್ಟಿಗೆ ಅದುಮಿ. ತೆರೆಯುವ ಕಿಟಕಿಯಲ್ಲಿ ‘ಓಪನ್ ಯೂಸಿಂಗ್ ರೊಸೆಟ್ಟಾ’ ಎಂಬ ಚೌಕವಿರುತ್ತದೆ. ಅದರ ಗುರುತು ತೆಗೆದು, ಫೋಟೋಶಾಪನ್ನು ಮತ್ತೆ ತೆರೆಯಿರಿ. ಅದೇ ಕಿಟಕಿಯಲ್ಲಿ ‘ಕೈಂಡ್’ ಎಂಬಲ್ಲಿ ಇಂಟೆಲ್ ಎಂದಷ್ಟೇ ಇದ್ದರೆ ನಿಮ್ಮಲ್ಲಿರುವುದು ಹಳೆಯ ಆವೃತ್ತಿ. ಅದಕ್ಕೆ ದುಭಾಷಿ ಬೇಕೇ ಬೇಕು. ಯೂನಿವರ್ಸಲ್ ಎಂದಿದ್ದರೆ ಬೇಡ. ಸಂಶಯವಿದ್ದರೆ ‘ಆಕ್ಟಿವಿಟಿ ಮಾನಿಟರ್’ ತೆರೆದು, ಫೋಟೋಶಾಪಿನ ಮುಂದೆ ‘ಕೈಂಡ್’ ಸಾಲಿನಲ್ಲಿ ಆಪಲ್ ಎಂದಿದೆಯೋ ಇಂಟೆಲ್ ಎಂದಿದೆಯೋ ನೋಡಿಕೊಳ್ಳಿ.

ಒಂದು ಎಚ್ಚರಿಕೆ. ಗುರುತು ತೆಗೆದ ಮೇಲೆ ಇಂಟೆಲ್ ಭಾಷೆಯ ಹಳೆಯ ಪ್ಲಗಿನ್‌ಗಳು ಫೋಟೋಶಾಪಿನೊಳಗೆ ಕಾಣಿಸವು. ಆದ್ದರಿಂದ ಅರ್ಧ ಮುಗಿದ ಆಲ್ಬಂ ಕೈಯಲ್ಲಿರುವಾಗ ಈ ಕೆಲಸ ಬೇಡ. ಮೊದಲು ಪ್ಲಗಿನ್ನಿನ ಹೊಸ ಆವೃತ್ತಿ ಹಾಕಿಕೊಳ್ಳಿ. ತುರ್ತಾದರೆ ಗುರುತನ್ನು ಮತ್ತೆ ಹಾಕಬಹುದು, ಏನೂ ಹಾಳಾಗದು. ಆದರೆ ದುಭಾಷಿಯೂ ನಿವೃತ್ತಿಯಾಗುವವನೇ. 2006ರಲ್ಲಿ ಬಂದ ಮೊದಲ ರೊಸೆಟ್ಟಾವನ್ನು 2011ರಲ್ಲಿ ಕೈಬಿಟ್ಟರು. ಈಗಿನದು ಮ್ಯಾಕ್ ಓಎಸ್ 27ರವರೆಗೆ ಪೂರ್ತಿಯಾಗಿ ಇರುವುದೆಂದೂ, ಆಮೇಲೆ ಕೆಲವು ಹಳೆಯ ಆಟಗಳಿಗಷ್ಟೇ ಉಳಿಯುವುದೆಂದೂ 2025ರಲ್ಲಿ ಆಪಲ್ ತಿಳಿಸಿದೆ. ಹಳೆಯದನ್ನೇ ನಂಬಿ ಕೂರುವಂತಿಲ್ಲ.

ವಿಂಡೋಸ್ ಇರುವವರು ಫೋಟೋ ತಂತ್ರಾಂಶದ ಚಿತ್ರದ ಮೇಲೆ ಬಲಗುಂಡಿ ಒತ್ತಿ, ‘ಪ್ರಾಪರ್ಟೀಸ್’ನಲ್ಲಿ ‘ಕಂಪ್ಯಾಟಿಬಿಲಿಟಿ’ ನೋಡಿ. ಹೊಸ ತಂತ್ರಾಂಶಕ್ಕೆ ಹಳೆಯ ವಿಂಡೋಸಿನ ವೇಷ ಹಾಕಿಸುವ ಗುರುತು ಅಲ್ಲಿ ಉಳಿದಿದ್ದರೆ ತೆಗೆದುಬಿಡಿ.

ನಮ್ಮ ಹುಡುಗ ಪ್ಲಗಿನ್ ಹೊಸದು ಹಾಕಿಸಿ, ಗುರುತು ತೆಗೆದ. ಆ ವಾರದ ಆಲ್ಬಂ ಹೇಳಿದ ದಿನಕ್ಕೇ ಹೆಣ್ಣಿನ ಮನೆಯವರ ಕೈ ಸೇರಿತು. ಜಾಮೀನಿನ ಕಾಗದ ಸಹಿಯಿಲ್ಲದೆ ನನ್ನ ಪೆಟ್ಟಿಗೆಯಲ್ಲೇ ಉಳಿಯಿತು. ಯಂತ್ರ ನಿಧಾನವಾಯಿತೆಂದು ಸಾಲಕ್ಕೆ ಹೊರಡುವ ಮೊದಲು, ನಡುವೆ ಯಾರು ಕೂತಿದ್ದಾರೆಂದು ಒಮ್ಮೆ ನೋಡಿ. ಅಜ್ಜಿ ಕೇಳಿದ್ದೂ ಅದನ್ನೇ.