ನಾಣಿ ಕಂಡದ್ದೇನು?

ಕಳೆದ ಶಾಲಾವರ್ಷದಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬ ನಮ್ಮ ಶಾಲಾ ವಾಚನಾಲಯದಿಂದ ಯು.ಆರ್. ಅನಂತಮೂರ್ತಿಯವರ ಕಥೆಗಳ ಪುಸ್ತಕವೊಂದನ್ನು ಮನೆಗೆ ಕೊಂಡುಹೋಗಿದ್ದ. ಮೂರನೆಯ ದಿನ ಅವನ ತಂದೆ ಆ ಪುಸ್ತಕವನ್ನು ಕಂಕುಳಲ್ಲಿರಿಸಿಕೊಂಡು ಶಾಲೆಗೆ ಬಂದರು. “ಮಾಷ್ಟ್ರೇ, ಮಕ್ಕಳು ಕನ್ನಡ ಓದಬೇಕು ಎಂಬ ಆಸೆ ನಮಗೂ ಉಂಟು. ಆದರೆ ಊಟಕ್ಕೆ ಕುಳಿತಾಗ, ‘ಬದುಕಿದ್ದವರಿಗೂ ಶ್ರಾದ್ಧ ಮಾಡ್ತಾರಾ ಅಪ್ಪ?’ ಎಂದು ಕೇಳಿದರೆ ನಾವು ಏನು ಹೇಳುವುದು? ಇಂಥದ್ದನ್ನೆಲ್ಲ ಮಕ್ಕಳ ಕೈಗೆ ಯಾಕೆ ಕೊಡ್ತೀರಿ?” ಎಂದರು. ಮಾತಿನಲ್ಲಿ ಸಿಟ್ಟಿಗಿಂತ ಸಂಕಟವೇ ಹೆಚ್ಚಾಗಿತ್ತು. ಅವರನ್ನು ಕುಳ್ಳಿರಿಸಿ ಚಹಾ ತರಿಸಿದೆವು.

ಹುಡುಗ ಓದಿದ್ದು ‘ಘಟಶ್ರಾದ್ಧ’. ಇದೇ ಕಥೆಯನ್ನಾಧರಿಸಿ 1977ರಲ್ಲಿ ಗಿರೀಶ ಕಾಸರವಳ್ಳಿಯವರು ತಮ್ಮ ಮೊದಲ ಚಿತ್ರವನ್ನು ನಿರ್ದೇಶಿಸಿದರು. ನಿರ್ಮಾಪಕರು ಸದಾನಂದ ಸುವರ್ಣರು, ಸಂಗೀತ ಬಿ.ವಿ. ಕಾರಂತರದ್ದು. ಚಿತ್ರಕ್ಕೆ ಸ್ವರ್ಣಕಮಲ ಬಂತು. ನಾಣಿಯ ಪಾತ್ರ ವಹಿಸಿದ ಅಜಿತ್ ಕುಮಾರ್ ಎಂಬ ಬಾಲಕನಿಗೂ ರಾಷ್ಟ್ರಪ್ರಶಸ್ತಿ ದೊರೆಯಿತು. 2024ರಲ್ಲಿ ಆ ಕಪ್ಪು-ಬಿಳುಪು ಚಿತ್ರದ ಜೀರ್ಣೋದ್ಧಾರಗೊಂಡ ಪ್ರತಿಯನ್ನು ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಲಾಯಿತು. ನಾವು ಇಲ್ಲಿ ಹೇಳಹೊರಟಿರುವುದು ಹೆಚ್ಚಾಗಿ ಚಿತ್ರದ ನಾಣಿಯ ಬಗ್ಗೆ.

ನಾಣಿ ಮಲೆನಾಡಿನ ಹಳ್ಳಿಯೊಂದರ ವೇದಪಾಠಶಾಲೆಗೆ ಬಂದ ಪುಟ್ಟ ಹುಡುಗ. ಮನೆಯ ನೆನಪು, ಕತ್ತಲೆಯ ಭಯ, ದೊಡ್ಡ ಹುಡುಗರ ಕಾಟ. ಅವನಿಗೆ ಅಲ್ಲಿ ಸಿಕ್ಕ ಒಂದೇ ಆಸರೆಯೆಂದರೆ ಗುರುಗಳಾದ ಉಡುಪರ ವಿಧವೆ ಮಗಳು ಯಮುನಕ್ಕ. ಅವಳಿಗೂ ಆ ಮನೆಯಲ್ಲಿ ಬೇರೆ ಜತೆಯಿಲ್ಲ. ಊರ ಶಾಲೆಯ ಮಾಸ್ತರನಿಂದ (ನಮ್ಮ ಕಸುಬಿನವನೇ ಎಂಬುದನ್ನು ಓದುವಾಗಲೆಲ್ಲ ನಾಚಿಕೆಯಿಂದ ನೆನೆಯುತ್ತೇವೆ) ಅವಳು ಬಸಿರಾಗಿದ್ದಾಳೆ. ತಂದೆ ಪಾಠಶಾಲೆಗೆ ಹಣ ಕೂಡಿಸಲೆಂದು ಪರವೂರಿಗೆ ಹೋಗಿದ್ದಾರೆ. ಅವಳು ಹಾವಿನ ಹುತ್ತಕ್ಕೆ ಕೈಯಿಟ್ಟು ಸಾಯಲು ಹೊರಡುತ್ತಾಳೆ, ಸಾವೂ ಬರುವುದಿಲ್ಲ. ಗರ್ಭ ತೆಗೆಸಲಾಗುತ್ತದೆ, ಮಾಸ್ತರ ಜಾರಿಕೊಳ್ಳುತ್ತಾನೆ. ಮರಳಿ ಬಂದ ಉಡುಪರು ಬದುಕಿರುವ ಮಗಳಿಗೆ ಶ್ರಾದ್ಧ ಮಾಡಿ, ಮಡಕೆ ಒಡೆದು, ಜಾತಿಯಿಂದ ಹೊರಗಿಡುತ್ತಾರೆ. ಬಳಿಕ ಅದೇ ಮುದುಕರು ಚಿಕ್ಕ ಹುಡುಗಿಯೊಬ್ಬಳನ್ನು ಮದುವೆಯಾಗಲು ಒಪ್ಪುತ್ತಾರೆ. ತಂದೆಯ ಜತೆ ಊರಿಗೆ ಹಿಂತಿರುಗುವ ನಾಣಿ ದಾರಿಯಲ್ಲಿ ಮರದಡಿ ಕುಳಿತ ಯಮುನಕ್ಕನನ್ನು ಕೊನೆಯ ಬಾರಿ ನೋಡುತ್ತಾನೆ. ಅವಳ ತಲೆ ಬೋಳಿಸಲಾಗಿದೆ.

ವಿಧವೆಯ ಮರುಮದುವೆಯನ್ನು ಊರ್ಜಿತಗೊಳಿಸಿದ ಕಾನೂನು ಬಂದದ್ದು 1856ರಲ್ಲಿ. ಆ ಹಳ್ಳಿಯ ಜಗಲಿಯವರೆಗೆ ಅದು ನಡೆದು ಬರಲೇ ಇಲ್ಲ.

ಯಮುನೆಯ ಸಹವಾಸದಿಂದ ಮಗುವಿನ ಮುಗ್ಧತೆ ಹೋಯಿತು ಎಂದು ಈ ಕಥೆಯ ಬಗ್ಗೆ ಹೇಳುವವರಿದ್ದಾರೆ. ನಮಗೆ ಹಾಗೆ ಕಾಣುವುದಿಲ್ಲ. ಯಮುನಕ್ಕ ನಾಣಿಗೆ ಕೊಟ್ಟದ್ದು ಅನ್ನ, ಧೈರ್ಯ ಮತ್ತು ಮಗ್ಗುಲಲ್ಲಿ ಮಲಗಲು ಜಾಗ. ಅವಳ ಗುಟ್ಟು ಅವನಿಗೆ ಪೂರ್ತಿ ಅರ್ಥವೇ ಆಗಿರಲಿಲ್ಲ. ಆದರೆ ಉಪ್ಪರಿಗೆಯಿಂದ ಅಡುಗೆಮನೆಯವರೆಗೆ ಪಿಸುಮಾತು ಹೇಗೆ ಹರಿಯುತ್ತದೆ, ಮಂತ್ರ ಕಲಿತ ನಾಲಗೆ ಎಂತಹ ಮಾತನ್ನಾಡುತ್ತದೆ, ಸ್ವಂತ ತಂದೆ ಜೀವಂತ ಮಗಳಿಗೆ ಪಿಂಡವಿಡಬಲ್ಲ ಎಂಬುದನ್ನೆಲ್ಲ ಅವನು ಕಂಡ. ಅದನ್ನು ಕಲಿಸಿದವರು ಹಿರಿಯರು.

ಇದು ಘಟ್ಟದ ಮೇಲಿನವರ ಕಥೆ, ನಮಗೇನು ಎಂದುಕೊಳ್ಳಬೇಕಾಗಿಲ್ಲ. ನಾವು ವಾಸಿಸುವ ಕೇರಳದಲ್ಲಿ ನಂಬೂದಿರಿಗಳ ಮನೆತನಗಳಲ್ಲಿ ಸ್ಮಾರ್ತವಿಚಾರವೆಂಬುದು ಇತ್ತು. ಶಂಕೆಗೊಳಗಾದ ಹೆಣ್ಣುಮಗಳನ್ನು ಪ್ರತ್ಯೇಕವಾಗಿ ಕೂಡಿಹಾಕಿ ವಿಚಾರಣೆ ನಡೆಸುತ್ತಿದ್ದರು. ವಿಚಾರಣೆ ಮುಗಿಯುವವರೆಗೆ ಅವಳನ್ನು ಹೆಸರು ಹಿಡಿದು ಕರೆಯುವಂತಿಲ್ಲ, ‘ಸಾಧನಂ’ ಎನ್ನಬೇಕು. ಮಲಯಾಳ ಬಲ್ಲ ನಮ್ಮ ಓದುಗರಿಗೆ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. ಅಂಗಡಿಯಿಂದ ಚೀಲದಲ್ಲಿ ತರುವುದೂ ಸಾಧನವೇ. ತಪ್ಪಿತಸ್ಥೆಯೆಂದಾದರೆ ಮನೆಯವರು ಅವಳು ಸತ್ತಳೆಂದೇ ಭಾವಿಸಿ ಕ್ರಿಯೆಗಳನ್ನು ಮಾಡಿ ಹೊರಗಟ್ಟುತ್ತಿದ್ದರು. 1905ರಲ್ಲಿ ಕೊಚ್ಚಿ ರಾಜ್ಯದಲ್ಲಿ ಕುರಿಯೇಡತ್ತ್ ತಾತ್ರಿಯ ವಿಚಾರಣೆ ನಡೆದಾಗ ಆಕೆ ತನ್ನೊಡನೆ ಸಂಬಂಧವಿದ್ದ ಗಂಡಸರ ಹೆಸರನ್ನೂ ಹೇಳುತ್ತ ಹೋದಳು. 60ಕ್ಕೂ ಮಿಕ್ಕಿ ಗಂಡಸರು ಭ್ರಷ್ಟರಾದರು. ಇದನ್ನು ಎಲ್ಲರೂ ಬಲ್ಲರು. ಈ ವಿಚಾರಣೆಗಳ ಮೊದಲ ಮೆಟ್ಟಲು ದಾಸೀವಿಚಾರ, ಎಂದರೆ ಮನೆಯ ಕೆಲಸದವಳನ್ನು ಕರೆದು ಕೇಳುವುದು, ಎಂಬುದನ್ನು ಅಷ್ಟಾಗಿ ಯಾರೂ ಗಮನಿಸುವುದಿಲ್ಲ. ಹತ್ತಿರವಿದ್ದು ಅನ್ನ ಉಂಡವರ ಬಾಯಿಂದಲೇ ಸಾಕ್ಷಿ ಹೊರಡಿಸಬೇಕು.

ಇಷ್ಟು ಬರೆದ ಮೇಲೆ ನಮ್ಮದೊಂದು ತಪ್ಪನ್ನು ಹೇಳಿಕೊಳ್ಳದೆ ಇರಲಾಗುವುದಿಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾವು ಬೇರೊಂದು ಊರಿನ ಶಾಲೆಯಲ್ಲಿದ್ದೆವು. ಶಾಲೆಯ ಹಿಂದಿನ ಗುಡ್ಡದ ಬದಿಯಲ್ಲಿ ಒಬ್ಬ ಹೆಂಗಸು ಒಂಟಿಯಾಗಿದ್ದಳು. ಗಂಡ ಗಲ್ಫಿಗೆ ಹೋದವನು ಮೊದಲು ಹಣ, ಆಮೇಲೆ ಕಾಗದ, ಕೊನೆಗೆ ಎಲ್ಲವನ್ನೂ ನಿಲ್ಲಿಸಿದ್ದ. ಹೊಲಿಗೆಯಿಂದ ಜೀವನ. ಕೆಲವು ದಿನ ಬಾಗಿಲೇ ತೆರೆಯುತ್ತಿರಲಿಲ್ಲ. ಕೆಲವು ದಿನ ಒಬ್ಬಳೇ ಮಾತನಾಡುತ್ತಿದ್ದಳು. ನಮ್ಮ ಆರನೆಯ ತರಗತಿಯ ಹುಡುಗನೊಬ್ಬ ಅವಳಿಗೆ ರೇಷನ್ ಅಂಗಡಿಯಿಂದ ಅಕ್ಕಿ, ಸೀಮೆಎಣ್ಣೆ ತಂದುಕೊಡುತ್ತಿದ್ದ. ಅವಳು ಅವನಿಗೆ ನೀರುದೋಸೆ ಕೊಡುವಳು, ಅಂಗಿಗೆ ಗುಂಡಿ ಹಾಕಿಕೊಡುವಳು. ಅವನಿಗೆ ಅವಳು ‘ಅಕ್ಕ’. ಅಕ್ಕ ಅಳುವಾಗ ಏನು ಮಾಡಬೇಕು ಎಂದು ಒಮ್ಮೆ ನಮ್ಮನ್ನೇ ಕೇಳಿದ್ದ. ಸುಮ್ಮನೆ ಹತ್ತಿರ ಕುಳಿತಿರು ಎಂದಿದ್ದೆವು. ನಾವು ಅವನಿಗೆ ಕೊಟ್ಟ ಉತ್ತರಗಳಲ್ಲಿ ಸರಿಯಾದದ್ದು ಅದೊಂದೇ ಇರಬೇಕು.

ಒಂದು ಮಧ್ಯಾಹ್ನ ಊರಿನ ಇಬ್ಬರು ಮರ್ಯಾದಸ್ಥರು ಶಾಲೆಗೆ ಬಂದರು. ಹುಡುಗನೊಡನೆ ಎರಡು ಮಾತು ಕೇಳಲಿಕ್ಕಿದೆ ಎಂದರು. ನಾವೇ ಅವನನ್ನು ತರಗತಿಯಿಂದ ಕರೆತಂದೆವು. ‘ಆ ಮನೆಗೆ ಯಾರೆಲ್ಲ ಬರ್ತಾರೆ ಮಗಾ?’ ಎಂದು ಅವರು ಬಹಳ ಮೃದುವಾಗಿಯೇ ಕೇಳಿದರು. ಸುಳ್ಳು ಹೇಳಬಾರದೆಂದು ನಾವು ಅವನಿಗೆ ಕಲಿಸಿದ್ದೆವು. ಎರಡು ಸಲ ಸ್ಕೂಟರಿನಲ್ಲಿ ಒಬ್ಬರು ಬಂದಿದ್ದಾರೆ, ಚೀಲ ಕೊಟ್ಟು ಹೋಗಿದ್ದಾರೆ ಎಂದ. ಅವರು ಅವನ ತಲೆ ನೇವರಿಸಿ ಹೊರಟುಹೋದರು. ಸ್ಕೂಟರಿನವನು ಯಾರೆಂದು ನಮಗೆ ಇಂದಿಗೂ ತಿಳಿಯದು. ತಿಳಿಯುವ ಅಗತ್ಯ ಆಗಲೂ ಇರಲಿಲ್ಲ.

ವಾರದೊಳಗೆ ಬಸ್ ತಂಗುದಾಣದ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದದ್ದನ್ನು ಹುಡುಗನೇ ಓದಿದ. ಓದಲು ಕಲಿಸಿದವರೂ ನಾವೇ. ತಿಂಗಳು ಕಳೆಯುವಷ್ಟರಲ್ಲಿ ಆ ಮನೆಗೆ ಬೀಗ ಬಿತ್ತು. ಯಾರೂ ಮಡಕೆ ಒಡೆಯಲಿಲ್ಲ, ಮಂತ್ರ ಹೇಳಲಿಲ್ಲ.

ಅಲ್ಲಿಯವರೆಗೆ ಪ್ರಶ್ನೆ ಮುಗಿಯುವ ಮೊದಲೇ ಕೈಯೆತ್ತುತ್ತಿದ್ದ ಹುಡುಗ ಆ ವರ್ಷವಿಡೀ ಏನು ಕೇಳಿದರೂ ‘ಗೊತ್ತಿಲ್ಲ’ ಎಂದೇ ಹೇಳಿದ. ಕಾಸರಗೋಡಿನ ನದಿ ಯಾವುದು ಎಂದರೂ ಗೊತ್ತಿಲ್ಲ. ಚಂದ್ರಗಿರಿಯನ್ನು ದಿನವೂ ದಾಟಿ ಬರುತ್ತಿದ್ದವನು. ದಡ್ಡನಾದ ಎಂದು ಸ್ಟಾಫ್ ರೂಮಿನಲ್ಲಿ ಆಡಿಕೊಂಡರು. ನಾವು ಏನೂ ಹೇಳಲಿಲ್ಲ.

ಪುಸ್ತಕ ತಂದ ಹಿರಿಯರಿಗೆ ಇದನ್ನೆಲ್ಲ ಅಂದು ಹೇಳುವ ಧೈರ್ಯವಾಗಲಿಲ್ಲ. ಹೌದು, ಬದುಕಿದ್ದವರಿಗೂ ಮಾಡುತ್ತಿದ್ದರು ಎಂದು ಮಗನಿಗೆ ನಿಜವನ್ನೇ ಹೇಳಿ, ಯಾರು ಮಾಡಿದರು ಎಂಬುದನ್ನೂ ಹೇಳಿ ಎಂದಷ್ಟೇ ಅಂದೆವು. ಅವರು ಚಹಾ ಮುಗಿಸಿ, ಮೊದಲು ತಾನೊಮ್ಮೆ ಓದಿ ನೋಡುತ್ತೇನೆಂದು ಪುಸ್ತಕವನ್ನು ಮತ್ತೆ ಮನೆಗೆ ಕೊಂಡುಹೋದರು. ವಾಚನಾಲಯದ ರಿಜಿಸ್ಟರಿನಲ್ಲಿ ಅದು ಮರಳಿ ಬಂದ ತಾರೀಕು ಇನ್ನೂ ಬಿದ್ದಿಲ್ಲ.